ಒಲೆಗೊಂದು ಕೈ

ಆ ಶುಕ್ರವಾರ ಮಧ್ಯಾಹ್ನ ನನ್ನ ಯಜಮಾನರು ಹೊಸ ಗ್ಯಾಸ್ ಒಲೆಯೊಂದನ್ನು ರಟ್ಟಿನ ಪೆಟ್ಟಿಗೆ ಸಮೇತ ಹೆಗಲ ಮೇಲಿಟ್ಟುಕೊಂಡು ಬಂದವರು ನೇರ ಮಹಡಿ ಹತ್ತಿದರು. ಕೆಳಗಿನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಲಿಲ್ಲ. ಹಜಾರದಲ್ಲಿ ಕುರ್ಚಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯನ್ನೂ ನೋಡಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆಯ ಮೂಲೆ ಗೋಡೆಗೆ ತಗುಲಿ ಒಂದಿಷ್ಟು ಬಣ್ಣ ಉದುರಿತು. ಬೇರೆ ದಿನವಾಗಿದ್ದರೆ ಅವರೇ ನಿಂತು ಬೆರಳಿನಿಂದ ಸವರಿ ನೋಡುತ್ತಿದ್ದರು. ಅವತ್ತು ನಿಲ್ಲಲಿಲ್ಲ.

ಅತ್ತೆ ತಲೆ ಎತ್ತದೆಯೇ ಕೇಳಿದರು. "ಮೇಲಕ್ಕೆ ಬಾಡಿಗೆಯವ್ರು ಬತ್ತಾರಂತಾ?"

"ಗೊತ್ತಿಲ್ಲ ಅತ್ತೆ," ಎಂದೆ.

ನನಗೆ ಗೊತ್ತಿತ್ತು. ಹಿಂದಿನ ದಿನವೇ ಅವರು ಹೇಳಿದ್ದರು. ಆ ಒಲೆ ಬಾಡಿಗೆಯವರಿಗಲ್ಲ, ನನಗೆ. ಭಾನುವಾರದ ಒಳಗೆ ಮೇಲಿನ ಮನೆಯಲ್ಲಿ ನಾನು ಅದನ್ನು ಹಚ್ಚಬೇಕಿತ್ತು.

ಸಂಘದ ವಿಷಯ ಹೇಳದಿದ್ದರೆ ಈ ಒಲೆಯ ವಿಷಯ ಯಾರಿಗೂ ಅರ್ಥವಾಗುವುದಿಲ್ಲ. ಜೆ.ಪಿ. ನಗರದ ನಮ್ಮ ಬೀದಿ ಮಾವನ ಹರೆಯದಲ್ಲಿ ರಾಗಿ ಹೊಲವಾಗಿತ್ತು. ಬಡಾವಣೆಗೆಂದು ಹೊಲ ಹೋಯಿತು. ಬದಲಿಗೆ ಸಿಕ್ಕಿದ ಸೈಟಿನಲ್ಲಿ ಈ ಮನೆ ಎದ್ದಿತು. ಗೇಟಿನ ಒಳಗೆ, ಈಗ ಸಿಮೆಂಟು ಹಾಕಿರುವ ಕಡೆ, ಬಾವಿಯಿತ್ತಂತೆ. ಮಾವ ಈಗಲೂ ಅದರ ಮೇಲೆ ಕಾಲಿಡುವುದಿಲ್ಲ, ಗೋಡೆಯ ಪಕ್ಕದಿಂದ ಸುತ್ತಿಕೊಂಡು ಗೇಟಿಗೆ ಹೋಗುತ್ತಾರೆ. ಮದುವೆಯಾದ ಹೊಸದರಲ್ಲಿ ಅವರ ಕಾಲಿಗೆ ಏನೋ ತೊಂದರೆಯಿದೆ ಎಂದುಕೊಂಡಿದ್ದೆ.

ಹೀಗೆ ಹೊಲ ಕಳೆದುಕೊಂಡವರು, ಕಳೆದುಕೊಳ್ಳುವ ಭಯದಲ್ಲಿದ್ದವರು ಸೇರಿ ಕಟ್ಟಿದ್ದು ಸಂಘ. ಕನಕಪುರ ರಸ್ತೆಯ ಉದ್ದಕ್ಕೂ ಇದ್ದ ಹಳ್ಳಿಗಳ ಮನೆಗಳು ಅದರಲ್ಲಿದ್ದವು. ಮೊದಲು ಅವರು ಕೇಳಿದ್ದು ದೊಡ್ಡದೇನಲ್ಲ. ಮಾರ್ಕೆಟ್ಟಿನಲ್ಲಿ ಸೊಪ್ಪಿನ ಬುಟ್ಟಿ ಇಳಿಸಲು ಒಂದು ಜಾಗ, ಬುಟ್ಟಿ ಹೇರಿಕೊಳ್ಳುವ ಒಂದು ಬೆಳಗಿನ ಬಸ್ಸು. ಕೇಳಿ ಕೇಳಿ ಸಾಕಾಗಿ ಒಂದು ದಿನ ಗಂಡಸರೆಲ್ಲ ರಸ್ತೆಗೆ ಅಡ್ಡಲಾಗಿ ಎತ್ತಿನಗಾಡಿ ನಿಲ್ಲಿಸಿದರು. ಪೊಲೀಸರು ಅಷ್ಟೂ ಜನರನ್ನು ವ್ಯಾನಿಗೆ ತುಂಬಿಕೊಂಡು ಹೋದರು. ಅವತ್ತು ಸಂಜೆ ಕೋಣನಕುಂಟೆಯ ಅರಳಿಕಟ್ಟೆಯಲ್ಲಿ ಹೆಂಗಸರು ಸೇರಿದರು. ಮಾರನೆಯ ದಿನ ಪೇಟೆಗೆ ಸೊಪ್ಪು ಕಳಿಸಬೇಕೋ ಬೇಡವೋ ಎಂಬುದೇ ಪ್ರಶ್ನೆ. ಮೂರು ಸೊಸೆಯಂದಿರಿರುವ ಮನೆಗೆ ಮೂರು ಮಾತೋ ಒಂದೋ ಎಂದು ಜಗಳ ಹತ್ತಿತು. ಕೊನೆಗೆ ಒಲೆಗೊಂದು ಕೈ, ಆ ಒಲೆ ಹಚ್ಚುವವಳ ಕೈ, ಎಂದು ತೀರ್ಮಾನವಾಯಿತು. ಕೈಗಳು ಎದ್ದವು. ಮಾರನೆಯ ದಿನ ಆ ಹಳ್ಳಿಗಳಿಂದ ಒಂದು ಕಟ್ಟು ಸೊಪ್ಪೂ ಪೇಟೆಗೆ ಹೋಗಲಿಲ್ಲ.

ಗಂಡಸರು ಬಿಡುಗಡೆಯಾಗಿ ಬಂದ ಮೇಲೂ ಆ ಕ್ರಮ ಉಳಿಯಿತು. ಆದರೆ ಏಳುವ ಕೈ ನಿಧಾನವಾಗಿ ಗಂಡಸರದಾಯಿತು. ವಿಧವೆಯರು ಮಾತ್ರ ತಮ್ಮ ಮನೆಯ ಕೈಯನ್ನು ತಾವೇ ಎತ್ತುತ್ತಿದ್ದರು. ಅಣ್ಣತಮ್ಮಂದಿರು ಬೇರೆಯಾದರೆ ಸಂಘದ ಹಿರಿಯರು ಹೊಸ ಮನೆಗೆ ಹೋಗಿ, ಆ ಒಲೆಯಲ್ಲಿ ಕಾಯಿಸಿದ ಹಾಲು ಕುಡಿದು ಬರುತ್ತಾರೆ. ಹಾಲು ಕುಡಿದರೆ ಆ ಒಲೆಗೊಂದು ಹೊಸ ಕೈ ಸಿಕ್ಕಿತೆಂದು ಲೆಕ್ಕ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮರೆತೂ ಇಲ್ಲ.

ನಾನು ಜಯನಗರದವಳು. ಕಾನ್ವೆಂಟಿನಲ್ಲಿ ಓದಿದವಳು. ಈ ಮನೆಗೆ ಬಂದ ಮೇಲೆ ಸಂಘದ ಇಂಗ್ಲಿಷ್ ಅರ್ಜಿಗಳೆಲ್ಲ ನನ್ನ ಪಾಲಿಗೆ ಬಂದವು. ಇಂಗ್ಲಿಷ್ ಅರ್ಜಿಯನ್ನು ಸಾಹೇಬರು ಮೊದಲು ಓದುತ್ತಾರೆ ಎಂಬುದು ಮಾವನ ಅನುಭವ. ಪಂಪ್‌ಸೆಟ್ಟಿನ ಕರೆಂಟು, ಮಂಡಿಯ ತೂಕದ ಮೋಸ, ಯಾರು ಬೇಕಾದರೂ ಹೊಲ ಕೊಳ್ಳಬಹುದೆಂಬ ಕಾನೂನು, ಎಲ್ಲದರ ಮೇಲೂ ಊಟದ ಮೇಜಿನಲ್ಲಿ ಕುಳಿತು ಬರೆದಿದ್ದೇನೆ. ಮಾವ ಕನ್ನಡದಲ್ಲಿ ಹೇಳುತ್ತಿದ್ದರು, ಒಂದೊಂದು ವಾಕ್ಯ ಮುಗಿದಾಗಲೂ ನನ್ನ ಮುಖ ನೋಡುತ್ತಿದ್ದರು. ಒಕ್ಕಲು ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಒಮ್ಮೆ ಕೇಳಿದ್ದೆ.

"ಕಂಪ್ನಿ ಅಲ್ಲ ಅಂತ ಬರಿ ಮಗಾ. ಕೂಲಿ ಇಟ್ಟು ಮೇಲೆ ಕೂತು ಮಾಡ್ಸೋನೂ ಅಲ್ಲ. ಮನೆಮಂದಿ ಕೂಡಿ ಮಾಡೋದು ಅಂತ ಬರಿ," ಎಂದಿದ್ದರು. ಅಂದಿನಿಂದ ಪ್ರತಿ ಅರ್ಜಿಯಲ್ಲೂ ಆ ಮಾತನ್ನು ನಾನೇ ಸೇರಿಸುತ್ತಿದ್ದೆ.

ಈಗ ತಲಘಟ್ಟಪುರದ ಆಚೆ ಹೊಸ ಬಡಾವಣೆಗೆಂದು ನೋಟಿಫಿಕೇಷನ್ ಬಂದಿತ್ತು. ಸಂಘದವರಲ್ಲಿ ಉಳಿದಿದ್ದ ಹೊಲಗಳಲ್ಲಿ ಬಹುಪಾಲು ಅದರೊಳಗೆ ಬಿದ್ದಿದ್ದವು, ಮಾವ ರಾಗಿ, ಅವರೆ, ಸಬ್ಬಸಿಗೆ ಬೆಳೆಯುವ ನಮ್ಮ ತುಂಡೂ ಸೇರಿ. ಒಟ್ಟಾಗಿ ಆಕ್ಷೇಪಣೆ ಹಾಕುವುದೋ, ಒಪ್ಪಿಕೊಂಡು ಬದಲಿಗೆ ಸೈಟು ಕೇಳುವುದೋ ಎಂಬುದನ್ನು ಸಂಘ ಭಾನುವಾರ ತೀರ್ಮಾನಿಸಬೇಕಿತ್ತು. ಮಾವ ಸಂಘದ ಅಧ್ಯಕ್ಷರು. ಆಕ್ಷೇಪಣೆಯ ಕಡೆ. ನನ್ನ ಯಜಮಾನರಿಗೆ ಜೆ.ಪಿ. ನಗರದ ಮುಖ್ಯರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿಯಿದೆ. ಅವರು ಒಪ್ಪಿಗೆಯ ಕಡೆ. ಮನೆಗೆ ಒಂದೇ ಒಲೆ, ಒಂದೇ ಕೈ, ಆ ಕೈ ಮಾವನದು. ಇನ್ನೊಂದು ಕೈ ಬೇಕಾದರೆ ಇನ್ನೊಂದು ಒಲೆ ಬೇಕು.

ಈ ಉಪಾಯ ಅವರ ಗೆಳೆಯನದು. ಆತನ ತಂದೆಯೂ ಸಂಘದ ಹಳಬರೇ. ಆತ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಒಪ್ಪಿಗೆಯ ಕಡೆಯ ಗಂಡುಮಕ್ಕಳಿಗೆಲ್ಲ ಅವನು ಫೋನು ಮಾಡಿದ್ದ. ಆ ವಾರ ಪಂಪ್‌ಹೌಸಿನಲ್ಲಿ, ಶೀಟು ಹೊದಿಸಿದ ಶೆಡ್ಡಿನಲ್ಲಿ, ಬಾಡಿಗೆ ಮನೆಗಳ ಖಾಲಿ ಅಡುಗೆಕೋಣೆಗಳಲ್ಲಿ ಒಲೆಗಳು ಹತ್ತಿಕೊಳ್ಳುತ್ತಿದ್ದವು.

ಒಲೆ ಜೋಡಿಸಿದ ಮೇಲೆ ನನ್ನನ್ನು ಮೇಲಕ್ಕೆ ಕರೆದರು. ಮೇಲಿನ ಮನೆ ಖಾಲಿಯಾಗಿ ಸ್ವಲ್ಪ ದಿನವಾಗಿತ್ತು. ಅಲ್ಲಿದ್ದ ವಿಜಯಪುರದ ಗಂಡ ಹೆಂಡತಿ ಆಫೀಸಿಗೆ ಹತ್ತಿರವೆಂದು ಬಿ.ಟಿ.ಎಂ. ಕಡೆಗೆ ಹೋಗಿದ್ದರು. ಕಟ್ಟೆಯ ಕಲ್ಲಿನ ಸಂದಿನಲ್ಲಿ ಜೋಳದ ಹಿಟ್ಟು ಇನ್ನೂ ಬೆಳ್ಳಗೆ ಕುಳಿತಿತ್ತು.

"ರೀ, ಮಾವನಿಗೆ ಹೇಳಿದ್ರಾ?"

"ಹೇಳೋಕೇನಿದೆ? ಒಂದೇ ಮನೆ, ಒಂದೇ ಗೇಟು. ಹೆಸರಿಗೆ ಎರಡು ಅಷ್ಟೇ."

"ಹೆಸರಿಗೆ ಅಲ್ವಲ್ಲ. ಒಲೆ ಬೇರೆ ಅಂದ್ರೆ..."

"ಅಯ್ಯೋ, ನೀನೂ ಹಳ್ಳಿಯವ್ಳ ಥರ ಆಡ್ಬೇಡ ಕಣೇ. ಒಂದ್ ಪಾತ್ರೆ ಹಾಲು ಕಾಯ್ಸು. ನಾಳೆ ಕೋಣನಕುಂಟೆ ಅಜ್ಜಿ ಬಂದು ಕುಡ್ಕೊಂಡು ಹೋಗ್ತಾರೆ. ಸೋಮವಾರ ಟು‌-ಲೆಟ್ ಬೋರ್ಡು ಹಾಕೋಣ."

ಅವರು ರೆಗ್ಯುಲೇಟರನ್ನು ತಿರುಗಿಸುತ್ತಾ ಬೆನ್ನು ಹಾಕಿಯೇ ಮಾತಾಡಿದರು.

"ಅಪ್ಪಾಜಿ ಆದ್ಮೇಲೆ ಆ ಹೊಲ ಯಾರು ನೋಡ್ಕೋತಾರೆ ಹೇಳು. ನಾನು ಅಂಗಡಿ ಬಿಟ್ಟು ಹೋಗಲ್ಲ. ಮಗಳು ಹಾಸ್ಟೆಲ್ ಬಿಟ್ಟು ಹೋಗಲ್ಲ. ನೀನ್ ಉಳ್ತೀಯಾ? ಹೇಳು, ಉಳ್ತೀಯಾ?"

ಅದು ಬರೀ ಕುಟುಕು ಮಾತಾಗಿರಲಿಲ್ಲ. ಅವರ ದನಿಯಲ್ಲಿ ಭಯವಿತ್ತು. ಹಿಂದಿನ ವರ್ಷ ಮಾವ ಹೊಲದಲ್ಲಿ ತಲೆ ತಿರುಗಿ ಬಿದ್ದಾಗ ಸುದ್ದಿ ತಿಳಿದು ಅಂಗಡಿಯ ಶಟರು ಹಾಗೇ ಬಿಟ್ಟು ಓಡಿದವರು ಅವರೇ. ಅದು ನೆನಪಾಗಿ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟೆ.

ಲೈಟರು ಕಚಕಚ ಎಂದಿತು, ಕಿಡಿ ಬರಲಿಲ್ಲ. ಬಾಡಿಗೆಯವರು ಬಿಟ್ಟುಹೋಗಿದ್ದ ಬೆಂಕಿಪೊಟ್ಟಣ ಗೂಡಿನಲ್ಲಿತ್ತು. ಕಡ್ಡಿ ಗೀರಿದೆ. ಹೊಸ ಒಲೆಯ ಎಣ್ಣೆ ಸುಟ್ಟು ಮೊದಲು ಹಳದಿ ಉರಿ, ಆಮೇಲೆ ನೀಲಿ. ಹಾಲು ಉಕ್ಕಿ ಒಲೆಯ ಒಂದು ಪಕ್ಕ ಪೂರ್ತಿ ಒದ್ದೆಯಾಯಿತು. ಅವರು "ಸಾಕು, ಆಯ್ತು," ಎಂದು ಇಳಿದುಹೋದರು. ನಾನು ಒರೆಸಿ, ಒಲೆ ಆರಿಸಿ ಕೆಳಗೆ ಬಂದೆ.

ಅತ್ತೆಯ ಮೊರ ತುಂಬಿತ್ತು. ಮನೆಯೆಲ್ಲ ಸೊಗಡಿನ ವಾಸನೆ.

"ಅಡುಗೆಮನೆ ಮೇಲೆ ಓಡಾಡ್ದಂಗಾಯ್ತು."

"ಹೂಂ ಅತ್ತೆ."

"ಹಾಲು ಉಕ್ತಾ?"

"ಉಕ್ತು."

"ಯಾವ ಕಡೆಗೆ?"

"ನೋಡ್ಲಿಲ್ಲ ಅತ್ತೆ."

"ನೋಡ್ಬೇಕಿತ್ತು," ಎಂದಷ್ಟೇ ಅಂದರು. ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿ, ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದರು. ಮಂಡಿನೋವು ಬಂದ ಮೇಲೆ ಅವರು ಅಡುಗೆಮನೆಯೊಳಗೆ ಬರುವುದೇ ಕಮ್ಮಿ. ಅವತ್ತು ಬಂದರು. ನಮ್ಮ ಹಳೆಯ ಒಲೆಯ ಮೇಲೆ ಕೈಯಾಡಿಸಿ ಹೋದರು.

ಶನಿವಾರ ಮಧ್ಯಾಹ್ನ ಯಜಮಾನರ ಗೆಳೆಯ ತನ್ನ ಸ್ಕೂಟರಿನ ಹಿಂದೆ ಅಜ್ಜಿಯನ್ನು ಕೂರಿಸಿಕೊಂಡು ಬಂದ. ಗಂಡಸರು ಠಾಣೆಯಲ್ಲಿದ್ದ ಆ ಸಂಜೆ ಅರಳಿಕಟ್ಟೆಯಲ್ಲಿ ಕೈ ಎತ್ತಿದವರಲ್ಲಿ ಈಗಲೂ ಸಭೆಗೆ ಬರುವವರು ಅವರೊಬ್ಬರೇ. ಮೆಟ್ಟಿಲು ಹತ್ತಲು ಯಾರ ಕೈಯನ್ನೂ ಹಿಡಿಯಲಿಲ್ಲ. ಒಲೆಯ ಮುಂದೆ ನಿಂತು ಬರ್ನರಿನ ಮುಚ್ಚಳ ಎತ್ತಿ, ಒಳಗೆ ಬೆರಳು ಆಡಿಸಿ, ಆ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಾನು ಹಾಲು ಬಿಸಿ ಮಾಡಿ ಲೋಟಕ್ಕೆ ಹಾಕಿದೆ.

"ಸ್ವಲ್ಪ ಕೊಡವ್ವ. ಇವತ್ತು ಇವ್ನು ಎಷ್ಟು ಮನೆ ಹಾಲು ಕುಡಿಸ್ಬುಟ್ಟ ಅಂದ್ರೆ... ನಂದು ಹೊಟ್ಟೆನೋ ಡೈರಿನೋ?"

ಗೆಳೆಯ ನಕ್ಕ. "ಅಜ್ಜಿ, ಗಟ್ಟಿಯಾಗಿದೀರ ಬಿಡಿ. ಇನ್ನೂ ಎರಡು ಮನೆ ಇದೆ."

"ನೀನು ಸುಮ್ಕಿರೋ ಟ್ಯಾಂಕರು." ನನ್ನ ಕಡೆ ತಿರುಗಿದರು. "ಇದನ್ನ ಯಾರವ್ವ ಹಚ್ಚಿದ್ದು?"

"ನಾನೇ ಅಜ್ಜಿ."

"ಸರಿ," ಎಂದು ಕುಡಿದರು.

ಅವರು ಇಳಿದು ಬರುವ ಹೊತ್ತಿಗೆ ಮಾವ ಹೊಲದಿಂದ ಬಂದು ಗೇಟು ತೆಗೆಯುತ್ತಿದ್ದರು. ಹೆಗಲಲ್ಲಿ ಹಸಿರು ಟವೆಲ್ಲು, ಕೈಯಲ್ಲಿ ಸಬ್ಬಸಿಗೆಯ ಚೀಲ. ಅವರು ದಿನವೂ ಮೆಟ್ರೊದಲ್ಲೇ ಹೋಗಿ ಬರುವುದು. ಕುಡುಗೋಲನ್ನು ಮೆಟ್ರೊದಲ್ಲಿ ಬಿಡುವುದಿಲ್ಲವಾದ್ದರಿಂದ ಅದು ತಲಘಟ್ಟಪುರದ ಟೀ ಅಂಗಡಿಯಲ್ಲಿರುತ್ತದೆ. ಮಹಡಿಯ ಮೆಟ್ಟಿಲಿಂದ ಇಳಿಯುತ್ತಿದ್ದ ಅಜ್ಜಿಯನ್ನು ನೋಡಿ ಮಾವ ನಿಂತರು. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಿನ್ ಮನೇಲಿ ಹಾಲು ಕುಡ್ದೆ ಕಣಪ್ಪ."

ಮಾವ ಒಂದು ಗಳಿಗೆ ಮಹಡಿಯನ್ನು ನೋಡಿದರು. ಆಮೇಲೆ ನನ್ನನ್ನು.

"ಕುಡಿ ಅಕ್ಕ. ಈ ಮನೇಲಿ ಹಾಲಿಗೇನು ಕಮ್ಮಿ," ಎಂದರು. ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆಯತೊಡಗಿದರು. ಒಂದೇ ಕಾಲನ್ನು ತೊಳೆಯುತ್ತಲೇ ಇದ್ದರು. ಇನ್ನೊಂದು ಕಾಲಿನ ಮಣ್ಣು ಹಾಗೇ ಒಣಗಿತ್ತು.

ರಾತ್ರಿಯ ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಎಲ್ಲರಿಗೂ ಇಷ್ಟದ ಅಡುಗೆ. ಸೌಟು ಪಾತ್ರೆಗೆ ತಗುಲಿದ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು. ಏಳುವ ಮೊದಲು ಮಾವ ನನ್ನನ್ನು ಕೇಳಿದರು.

"ಆಕ್ಷೇಪಣೆ ಇಂಗ್ಲಿಷ್ ಆಯ್ತಾ ಮಗಾ?"

"ಆಯ್ತು ಮಾವ."

ಯಜಮಾನರು ತಟ್ಟೆಯನ್ನೇ ನೋಡುತ್ತಾ, "ಒಪ್ಪಿಗೆ ಪತ್ರಾನೂ ಒಂದು ರೆಡಿ ಮಾಡಿಡು. ಯಾವ್ದು ಬೇಕಾಗುತ್ತೋ ಯಾರಿಗೊತ್ತು," ಎಂದರು.

"ಬರ್ಕೊಡವ್ವ," ಎಂದರು ಮಾವ. "ಅದೂ ಒಂದು ಅರ್ಜೀನೇ." ಎದ್ದು ಕೈ ತೊಳೆಯಲು ಹೋದರು. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿದಿತ್ತು. ಈ ಮನೆಯಲ್ಲಿ ಅವರು ಮುದ್ದೆ ಬಿಟ್ಟಿದ್ದನ್ನು ನಾನು ನೋಡಿದ್ದು ಅವತ್ತೇ.

ಭಾನುವಾರ ಬೆಳಗ್ಗೆ ಕೋಣನಕುಂಟೆಯ ಅರಳಿಕಟ್ಟೆಗೆ ಎಲ್ಲರೂ ಒಂದೇ ಕಾರಿನಲ್ಲಿ ಹೋದೆವು. ಅದೊಂದು ವಿಚಿತ್ರ ಪ್ರಯಾಣ. ಕಟ್ಟೆಯ ಸುತ್ತ ಈಗ ಬೇಕರಿ, ಮೊಬೈಲ್ ಅಂಗಡಿ, ಸಾಲುಸಾಲು ಬೈಕು. ಬೈಕುಗಳನ್ನು ಪಕ್ಕಕ್ಕೆ ಸರಿಸಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಗಂಡಸರು ಮುಂದೆ, ಹೆಂಗಸರು ಬೇಕರಿಯ ನೆರಳಿನಲ್ಲಿ. ಅತ್ತೆಗೊಂದು ಕುರ್ಚಿ ತಂದುಕೊಟ್ಟು ನಾನು ಪಕ್ಕದಲ್ಲಿ ನಿಂತೆ. ಹೊಸ ಒಲೆಗಳ ಗಂಡಸರು ಒಂದೇ ಕಡೆ ಗುಂಪಾಗಿದ್ದರು. ಅವರ ತಂದೆಯರು ಇನ್ನೊಂದು ಕಡೆ. ನಡುವೆ ಒಂದು ಖಾಲಿ ಜಾಗ, ಅಲ್ಲಿ ಯಾರೂ ಕುರ್ಚಿ ಎಳೆದುಕೊಳ್ಳಲಿಲ್ಲ.

ಮಾವ ಎದ್ದು ನಿಂತರು. ಸಾಹೇಬರ ಮುಂದೆ ಗಂಟೆಗಟ್ಟಲೆ ಮಾತಾಡಬಲ್ಲ ಮನುಷ್ಯ, ಅವತ್ತು ಪದ ಹುಡುಕುತ್ತಿದ್ದರು.

"ಈ ವಾರ ಹಚ್ಚಿದ ಒಲೆ ಒಲೆ ಅಲ್ಲ. ಇದು ಎಲ್ಲರ್ಗೂ ಗೊತ್ತು. ಅಪ್ಪನ ಮುಂದೆ ಮಗ ಇನ್ನೊಂದು ಒಲೆ ಇಟ್ಕೊಂಡು ಕೈ ಎತ್ತೋದು ಸಂಘಕ್ಕೆ ಶೋಭೆ ಅಲ್ಲ."

ಗೆಳೆಯ ಕುಳಿತಲ್ಲಿಂದಲೇ ಹೇಳಿದ. "ದೊಡ್ಡಪ್ಪ, ರೂಲ್ ಮಾಡಿದ್ದು ನಾವಲ್ಲ. ಒಲೆಗೊಂದು ಕೈ ಅಂತ ಚಿಕ್ಕೋರಿದ್ದಾಗಿಂದ ನಮ್ಗೆ ಹೇಳ್ಕೊಟ್ಟಿದ್ದು ನೀವೇ. ಅಜ್ಜಿ ಎಲ್ಲಾ ಕಡೆ ಹಾಲು ಕುಡ್ದಾಗಿದೆ."

"ಅಪ್ಪ ಮಗ ಇಬ್ರೂ ಒಂದೇ ತಟ್ಟೇಲಿ ಉಣ್ಕೊಂಡು..."

"ನಮ್ ಕೈ ಬೇಡ ಅಂತೀರಾ? ಸರಿ ಬಿಡಿ. ಹಳೇ ರೂಲೇ ಹಿಡೀರಿ. ಒಲೆ ಹಚ್ಚಿದವ್ರ ಕೈ ತಾನೇ? ನಮ್ ಹೆಂಗಸರೇ ಎತ್ಲಿ. ಆಗ ಓಕೆನಾ?" ಹೇಳಿ ನನ್ನ ಯಜಮಾನರ ಕಡೆ ನೋಡಿ ನಕ್ಕ. ಅವರೂ ನಕ್ಕರು. ಹೆಂಡತಿಯರ ಕೈ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಅವರಿಗೆ ಯಾವ ಸಂಶಯವೂ ಇರಲಿಲ್ಲ.

ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ ಅಜ್ಜಿ ಎಲೆಯಡಿಕೆ ಉಗಿದು ಬಂದರು.

"ಟ್ಯಾಂಕರು ಸರಿಯಾಗಿ ಹೇಳ್ದ. ಹಂಗೇ ಆಗ್ಲಿ. ಎಲ್ಲರ್ಗೂ ಒಪ್ಗೆನಾ? ಆಮೇಲೆ ಅತ್ತ ಇತ್ತ ಎಳೀಬಾರ್ದು." ಯಾರೂ ಎದುರಾಡಲಿಲ್ಲ. "ಹೊಸ ಒಲೆಯೋರು ಬನ್ರವ್ವ ಮುಂದಕ್ಕೆ."

ನಾವು ಬೇಕರಿಯ ನೆರಳಿನಿಂದ ಬಿಸಿಲಿಗೆ ಬಂದೆವು. ನನ್ನ ಮುಂದೆ ನಿಂತಿದ್ದವಳು ತಲಘಟ್ಟಪುರದ ಕಡೆಯವಳು, ನನಗಿಂತ ಚಿಕ್ಕವಳು. ಅವಳ ರವಿಕೆಗೆ ಗುಂಡಿಯ ಬದಲು ಸೇಫ್ಟಿ ಪಿನ್ನು ಹಾಕಿತ್ತು, ಆತುರದಲ್ಲಿ ಹೊರಟಂತೆ.

"ಬೆಳಗ್ಗೆ ಏನವ್ವ ಮಾಡಿದ್ದು ನಿನ್ನ ಒಲೇಲಿ?" ಎಂದರು ಅಜ್ಜಿ.

"ಉಪ್ಪಿಟ್ಟು ಅಜ್ಜಿ."

"ದಿಟವಾಗ್ಲೂ?"

"ದಿಟ ಅಜ್ಜಿ. ಸುಮ್ನೆ ಒಂದಿನಕ್ಕೆ ಅಂತ ಹಚ್ಚಿದ್ದು. ಅವತ್ತಿಂದ ನಮ್ಮತ್ತೆ ಮಾತಾಡ್ತಿಲ್ಲ. ಅಡುಗೆಮನೆ ಬಾಗ್ಲು ಹಾಕ್ಕೋತಾರೆ." ಅವಳು ರವಿಕೆಯ ಪಿನ್ನನ್ನು ಸರಿಮಾಡಿಕೊಂಡಳು. "ಈಗ ನಿಜವಾಗ್ಲೂ ಬೇರೇನೇ."

ಅಜ್ಜಿ ಅವಳ ತಲೆ ಸವರಿ ಪಕ್ಕಕ್ಕೆ ಕಳಿಸಿ ನನ್ನನ್ನು ನೋಡಿದರು.

"ನೀನೇನ್ ಮಾಡಿದ್ದವ್ವ?"

"ಇಡ್ಲಿ ಅಜ್ಜಿ," ಎಂದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಯಜಮಾನರು ನನ್ನನ್ನೇ ನೋಡುತ್ತಿದ್ದರು. ನಿಲ್ಲಿಸು ಎಂದು ಅವರ ಹುಬ್ಬು ಹೇಳುತ್ತಿತ್ತು. ನನಗೆ ಆ ಚಿಕ್ಕವಳ ಅತ್ತೆ ಹಾಕಿಕೊಂಡ ಬಾಗಿಲು ಕಾಣುತ್ತಿತ್ತು, ನಮ್ಮ ಒಲೆಯ ಮೇಲೆ ಆಡಿದ ನನ್ನ ಅತ್ತೆಯ ಕೈ ಕಾಣುತ್ತಿತ್ತು.

"ಕೆಳಗಿನ ಮನೇಲಿ," ಎಂದೆ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಜಮಾನರ ಕಿವಿ ಕೆಂಪಾಯಿತು. ಅವರು ಬೇಕರಿಯ ಬೋರ್ಡನ್ನು ಓದುವವರಂತೆ ಅತ್ತ ತಿರುಗಿದರು.

"ಮೇಲಿನ ಒಲೇಲಿ?"

"ಶುಕ್ರವಾರ ಹಾಲು ಕಾಯಿಸ್ದೆ. ನಿನ್ನೆ ನಿಮ್ಗೆ ಕೊಟ್ಟೆ. ಅಷ್ಟೇ ಅಜ್ಜಿ."

"ಹಂಗಾದ್ರೆ ಅದಿನ್ನೂ ಅಂಗಡಿ ಸಾಮಾನು ಕಣವ್ವ. ಒಲೆ ಆಗಿಲ್ಲ."

ಮಾವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಹಿಂದಕ್ಕೆ ಹೆಜ್ಜೆಯಿಟ್ಟೆ. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅಜ್ಜಿ ಕೈ ಅಡ್ಡ ಹಿಡಿದರು.

"ನಿಲ್ಲವ್ವ. ಕೆಳಗಿನ ಒಲೆ ಹಚ್ಚೋದ್ಯಾರು?"

ನಾನು ಅತ್ತೆಯ ಕಡೆ ನೋಡಿದೆ. ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯಿಂದ ಅವರ ದನಿ ಬಂತು.

"ಅವ್ಳೇ. ನಾನು ಒಲೆ ಮುಂದೆ ನಿಂತು ಯಾವ ಕಾಲ ಆಯ್ತು. ಹಾಲು, ಕಾಫಿ, ಮುದ್ದೆ, ಎಲ್ಲಾ ಅವ್ಳದೇ."

"ಹಂಗಾದ್ರೆ ಆ ಮನೆ ಕೈ ಇವಳದು," ಎಂದರು ಅಜ್ಜಿ. "ಹಳೇ ರೂಲ್ ಅಂತ ಈಗ ತಾನೇ ಒಪ್ಕೊಂಡ್ರಲ್ಲ."

ಎಲ್ಲರೂ ಮಾವನ ಕಡೆ ತಿರುಗಿದರು. ನಾನು ಈ ಮನೆಗೆ ಬರುವುದಕ್ಕೆ ಎಷ್ಟೋ ಮೊದಲಿನಿಂದ ಮನೆಯ ಕೈ ಎಂದರೆ ಅವರ ಕೈ. ಆ ಕೈ ಈಗ ಟವೆಲ್ಲಿನ ಅಂಚನ್ನು ಹಿಡಿದಿತ್ತು. ನನ್ನ ಯಜಮಾನರು ಬೇಕರಿಯಿಂದ ಮುಖ ತಿರುಗಿಸಿದ್ದರು, ಅವರ ಕಣ್ಣಿನಲ್ಲಿ ಆಸೆ ಮತ್ತೆ ಬಂದಿತ್ತು. ಅವರು ಒಂದು ಹೆಜ್ಜೆ ಮುಂದೆ ಬಂದು, ಬರೀ ನನಗೆ ಕೇಳುವಂತೆ, "ಯೋಚ್ನೆ ಮಾಡು," ಎಂದರು. ಗದರುವ ದನಿಯಲ್ಲ. ಬೇಡುವ ದನಿ. ಅದು ಇನ್ನೂ ಕಷ್ಟ.

ಮಾವ ಅಧ್ಯಕ್ಷರ ಕುರ್ಚಿಯ ಪಕ್ಕದಿಂದ ಸರಿದು ಎಲ್ಲರ ನಡುವೆ ನಿಂತರು. "ರೂಲ್ ಅಂದ್ರೆ ರೂಲೇ. ನಿಂಗೆ ಹೆಂಗೆ ಅನ್ಸುತ್ತೋ ಹಂಗೆ ಎತ್ತು ಮಗಾ. ನನ್ ಮುಖ ನೋಡ್ಬೇಡ." ಹೇಳಿ ತಾವೇ ಮುಖ ಆಚೆ ತಿರುಗಿಸಿದರು.

ಉಳಿದ ಹೊಸ ಒಲೆಯವರನ್ನೂ ಹಾಗೇ ವಿಚಾರಿಸಿ ಮುಗಿಸಿ ಅಜ್ಜಿ ಒಪ್ಪಿಗೆಯ ಕೈಗಳನ್ನು ಮೊದಲು ಕೇಳಿದರು. ಸೇಫ್ಟಿ ಪಿನ್ನಿನ ಹುಡುಗಿ ನೆಟ್ಟಗೆ ಕೈ ಎತ್ತಿದಳು. "ನಂಗೆ ನನ್ ಹೆಣ್ಮಕ್ಕಳಿಗೆ ಒಂದು ಸೈಟ್ ಬೇಕು. ಯಾರಾದ್ರೂ ಏನಾದ್ರೂ ಅಂದ್ಕೊಳ್ಳಿ," ಎಂದಳು. ಯಾರೂ ಏನೂ ಅಂದುಕೊಂಡಂತೆ ಕಾಣಲಿಲ್ಲ. ಹಳಬರ ಮನೆಯ ಹೆಂಗಸರಲ್ಲೂ ಕೆಲವರ ಕೈ ಎದ್ದವು. ನನ್ನ ಕೈ ಸೀರೆಯ ನೆರಿಗೆಯಲ್ಲೇ ಇತ್ತು. ಯಜಮಾನರು ಕಾಯುತ್ತಿದ್ದರು.

ಕಾನ್ವೆಂಟಿನಲ್ಲಿ ನಮಗೆ ಕೈ ಎತ್ತುವುದನ್ನೂ ಕಲಿಸಿದ್ದರು. ಮೊಣಕೈ ಡೆಸ್ಕಿಗೆ ತಾಗಬಾರದು, ಬೆರಳು ಜೋಡಿಸಿರಬೇಕು, ಉತ್ತರ ಗೊತ್ತಿದ್ದರೆ ಮಾತ್ರ ಎತ್ತಬೇಕು. ನನಗೆ ಏನು ಗೊತ್ತಿತ್ತು? ನೀನ್ ಉಳ್ತೀಯಾ ಎಂಬ ಪ್ರಶ್ನೆಗೆ ಎರಡು ದಿನದಿಂದ ನನ್ನಲ್ಲಿ ಉತ್ತರವಿರಲಿಲ್ಲ. ಹೊಲಕ್ಕೆ ನಾನು ಹೋಗುತ್ತಿದ್ದುದು ನೆಂಟರಂತೆ, ಅವರೆಕಾಯಿ ಕೀಳಲು, ಮಗಳಿಗೆ ಫೋಟೊ ತೆಗೆಯಲು. ಆದರೆ ಮನೆಮಂದಿ ಕೂಡಿ ಮಾಡುವುದು ಎಂದು ಎಷ್ಟು ಅರ್ಜಿಗಳಲ್ಲಿ ನಾನೇ ಬರೆದಿದ್ದೆ. ಬರೆಯುವಾಗೆಲ್ಲ ಆ ಮನೆಮಂದಿಯಲ್ಲಿ ಮಾವ ಇದ್ದರು, ಅತ್ತೆ ಇದ್ದರು. ನನ್ನನ್ನು ನಾನು ಒಮ್ಮೆಯೂ ಸೇರಿಸಿಕೊಂಡಿರಲಿಲ್ಲ.

"ಆಕ್ಷೇಪಣೆ ಹಾಕ್ಬೇಕು ಅನ್ನೋರು," ಎಂದರು ಅಜ್ಜಿ.

ಎತ್ತಿದೆ. ಬಳೆಗಳು ಸದ್ದು ಮಾಡುತ್ತಾ ಮೊಣಕೈವರೆಗೆ ಜಾರಿದವು. ಆ ಸದ್ದಿಗೆ ಮಾವ ತಿರುಗಿ ನೋಡಿದರು. ಕೈ ಇಳಿಸಲಿಲ್ಲ. ಸುತ್ತ ಬೇರೆ ಕೈಗಳೂ ಇದ್ದವು. ಆಕ್ಷೇಪಣೆಯ ಕಡೆ ಹೆಚ್ಚೆಂಬುದು ಎಣಿಸದೆಯೇ ಕಾಣುತ್ತಿತ್ತು. ಆದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಪ್ಪಿಗೆಗೆ ಕೈ ಎತ್ತಿದವರೂ ನಮ್ಮವರೇ, ಅವರ ಹೊಲವೂ ಅದೇ ನೋಟಿಫಿಕೇಷನ್ನಿನಲ್ಲಿತ್ತು. ಗೆಳೆಯ ಎದ್ದು, ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸತೊಡಗಿದ. ಜೋರಾಗಿ ಜೋಡಿಸುತ್ತಿದ್ದ.

ವಾಪಸೂ ಒಂದೇ ಕಾರಿನಲ್ಲಿ ಬಂದೆವು. ಒಂದು ಸಿಗ್ನಲ್ಲಿನಲ್ಲಿ ಅತ್ತೆ, "ಎಲ್ಲಾದ್ರೂ ನಿಲ್ಸಪ್ಪ, ಕೊತ್ತಂಬರಿ ಇಲ್ಲ ಮನೇಲಿ," ಎಂದರು. ಯಜಮಾನರು ನಿಲ್ಲಿಸಿದರು. ತಾವೇ ಇಳಿದು ತಂದು, ಕಟ್ಟನ್ನು ನನ್ನ ಮಡಿಲಿಗೆ ಹಾಕಿದರು. ಮುಖ ನೋಡಲಿಲ್ಲ. ಅವತ್ತು ಅಂಗಡಿಗೆ ರಜೆಯಿದ್ದರೂ ಅಂಗಡಿಗೆ ಹೋಗಿ ಕುಳಿತರು. ಊಟಕ್ಕೆ ಬರಲಿಲ್ಲ.

ಸೋಮವಾರ ಬೆಳಗ್ಗೆ ನಾನು ಹಾಲು ಕಾಯಿಸಲು ಇಡುತ್ತಿದ್ದಾಗ ಮೆಟ್ಟಿಲ ಮೇಲೆ ಧಡ್ ಧಡ್ ಎಂದು ಶಬ್ದ. ಒಂದೊಂದು ಮೆಟ್ಟಿಲಿಗೂ ಒಂದೊಂದು ಧಡ್. ಅತ್ತೆ ಹಾಸಿಗೆಯಿಂದಲೇ, "ಏನಮ್ಮಿ ಅದು?" ಎಂದರು. ಯಜಮಾನರು ಮೇಲಿನ ಸಿಲಿಂಡರನ್ನು ಇಳಿಸಿಕೊಂಡು ಬರುತ್ತಿದ್ದರು. ಅದನ್ನು ಉರುಳಿಸಿಕೊಂಡು ಅಡುಗೆಮನೆಗೆ ಬಂದು, ನಮ್ಮ ಸಿಲಿಂಡರಿನ ಪಕ್ಕಕ್ಕೆ ನಿಲ್ಲಿಸಿದರು.

"ಸ್ಪೇರ್ ಇರ್ಲಿ," ಎಂದರು.

"ಇಡ್ಲಿ ಇದೆ ರೀ," ಎಂದೆ.

ಅವರು ಅಲ್ಲೇ ಕಟ್ಟೆಗೊರಗಿ ನಿಂತು ತಿಂದರು. ತಿಂದು ಮುಗಿಸಿ, ಕೈ ತೊಳೆಯುತ್ತಾ, ನಲ್ಲಿಯ ಸದ್ದಿನ ಮೇಲೆ ಕೇಳಿದರು. "ಯಾವತ್ತಿಂದ ಉಳೋದು?"

ಈ ಸಲ ಅದು ಪೂರ್ತಿ ಕುಟುಕೇ. ಪೂರ್ತಿ ಎಂದರೂ, ಉತ್ತರಕ್ಕೆ ಕಾದು ನಿಂತಿದ್ದರು.

"ಇವತ್ತು ಮಾವನ ಜೊತೆ ಹೋಗ್ತಿದೀನಿ," ಎಂದೆ.

ಅವರು ನನ್ನ ಕಾಲು ನೋಡಿದರು. "ಆ ಚಪ್ಪಲೀಲಾ? ಹೊಲದಲ್ಲಿ ಒಂದು ಗಂಟೆ ಬಾಳಲ್ಲ ಅದು." ಹೊರಗೆ ಹೋದವರು ಅತ್ತೆಯ ಹಳೆಯ ರಬ್ಬರಿನ ಚಪ್ಪಲಿಯನ್ನು ಶೂ ಸ್ಟ್ಯಾಂಡಿನ ಅಡಿಯಿಂದ ಎಳೆದು, ಕಾಲಲ್ಲೇ ನನ್ನ ಕಡೆ ತಳ್ಳಿದರು. ಅಂಗಡಿಗೆ ಹೊರಟುಹೋದರು.

ಸಂಘದವರ ಆಕ್ಷೇಪಣೆ ಆ ವಾರವೇ ಹೋಯಿತು. ಕೆಳಗೆ ಸಹಿ ಹಾಕುವ ಜಾಗದಲ್ಲಿ ನಮ್ಮ ಮನೆಯ ಸಾಲು ಬಂದಾಗ ಮಾವ ಪೆನ್ನನ್ನು ನನ್ನ ಕಡೆ ಸರಿಸಿದರು. ಸರ್ಕಾರದ ಉತ್ತರ ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಹೊಲದ ಪಕ್ಕದಲ್ಲಿ ಯಾರೋ ಅಳೆದು ನೆಟ್ಟುಹೋದ ಕಲ್ಲು ಹಾಗೇ ಇದೆ, ಅದಕ್ಕೆ ಬಳಿದ ಕೆಂಪು ಬಣ್ಣವೂ ಹಾಗೇ ಇದೆ. ಮೇಲಿನ ಮನೆಗೆ ಇನ್ನೂ ಬೋರ್ಡು ಹಾಕಿಲ್ಲ.

ಆ ಸೋಮವಾರ, ಅತ್ತೆಯ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಾಗ ಮಾವ ಆಗಲೇ ಟವೆಲ್ಲು ಹಾಕಿಕೊಂಡು ನಿಂತಿದ್ದರು. ನನ್ನ ಕಾಲಿನ ಚಪ್ಪಲಿ ನೋಡಿದರು. ಸಿಮೆಂಟು ಹಾಕಿದ ಜಾಗವನ್ನು ಬಿಟ್ಟು, ಗೋಡೆಯ ಪಕ್ಕದಿಂದ ಸುತ್ತಿಕೊಂಡು ಗೇಟಿನ ಕಡೆ ನಡೆದರು. ನಾನೂ ಅವರ ಹಿಂದೆ ಸುತ್ತಿಕೊಂಡೇ ಹೋದೆ.